ಫೆರಾರಿಗೆ ಅಷ್ಟು ದುಡ್ಡು ಯಾಕೆ? ಎಂಜೋ ಫೆರಾರಿ ಬದುಕಿನ ಲೆಕ್ಕ

ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಶುರುವಾಗುವ ವಾದಗಳಲ್ಲಿ ಇದೂ ಒಂದು. ಯಾರೋ ಮೊಬೈಲ್‌ನಲ್ಲಿ ಕೆಂಪು ಫೆರಾರಿಯ ವಿಡಿಯೊ ಹಾಕ್ತಾರೆ, ಇನ್ಯಾರೋ ಅದರ ಬೆಲೆ ಹುಡುಕಿ ಓದ್ತಾರೆ. ಕೋಟಿಗಳ ಲೆಕ್ಕ ಕಿವಿಗೆ ಬಿದ್ದ ಕೂಡಲೇ ರೂಮು ಎರಡು ಪಾರ್ಟಿ ಆಗುತ್ತೆ. ಒಂದು ಪಾರ್ಟಿ ಪ್ರಕಾರ ಅದು ಬರೀ ಶೋಕಿ. ಎರಡೇ ಸೀಟು, ಲಗೇಜಿಗೆ ಜಾಗ ಇಲ್ಲ, ಹಂಪ್ ಬಂದ್ರೆ ತಳ ಉಜ್ಜುತ್ತೆ. ಇನ್ನೊಂದು ಪಾರ್ಟಿ ಪ್ರಕಾರ ಎಂಜಿನಿಯರಿಂಗ್ ಓದೋರು ಹಾಗೆಲ್ಲ ಮಾತಾಡಬಾರದು, ಅದು ಕಾರಲ್ಲ, ಕಲೆ. ಬೆಳಗಿನ ಜಾವದವರೆಗೂ ತೀರ್ಪು ಬರಲ್ಲ.

ನಾವು ಈ ವಾದದಲ್ಲಿ ಎರಡೂ ಕಡೆ ಕೂತು ನೋಡಿದ್ದೇವೆ. ಈ ಸಲ ಬೇರೆ ದಾರಿ ಹಿಡಿಯೋಣ ಅಂತ ಅನ್ನಿಸಿತು. ಆ ಕಾರಿಗೆ ತನ್ನ ಹೆಸರಿಟ್ಟ ಮನುಷ್ಯ ಅದನ್ನು ಯಾಕೆ ಮಾಡಿದ, ಯಾಕೆ ಮಾರಿದ, ಬಂದ ದುಡ್ಡನ್ನು ಏನು ಮಾಡಿದ ಅಂತ ಗೊತ್ತಾದರೆ ಬೆಲೆಯ ಪ್ರಶ್ನೆಗೂ ಉತ್ತರ ಸಿಗಬಹುದು ಅಲ್ವಾ?

ಮಂಜು ಬಿದ್ದ ಊರು, ಕಲ್ಲುಬೆಂಚು ಕಂಡ ಕಣ್ಣೀರು

ಎಂಜೋ ಫೆರಾರಿ ಹುಟ್ಟಿದ್ದು 1898ರ ಫೆಬ್ರವರಿಯಲ್ಲಿ, ಇಟಲಿಯ ಮೊಡೆನಾ ಊರಿನಲ್ಲಿ. ಹುಟ್ಟಿದ್ದು 18ನೇ ತಾರೀಕು, ಆದರೆ ಹಿಮ ಅಷ್ಟು ಬಿದ್ದಿತ್ತಂತೆ, ಜನನ ನೋಂದಣಿಗೆ ಅಪ್ಪ ಹೋಗೋಕೆ ಆಗಿದ್ದು 20ಕ್ಕೆ. ಅಪ್ಪನದು ಲೋಹದ ಕೆಲಸದ ವರ್ಕ್‌ಶಾಪ್. ಮನೆ, ಕೆಲಸದ ಜಾಗ ಎರಡೂ ಒಂದೇ ಕಡೆ. ಸುತ್ತಿಗೆ ಸದ್ದು ಕೇಳಿಕೊಂಡೇ ಬೆಳೆದ ಹುಡುಗ. ಹತ್ತು ವರ್ಷದವನಿದ್ದಾಗ, 1908ರಲ್ಲಿ, ಅಪ್ಪ ಬೊಲೋನಾದ ರಸ್ತೆಯಲ್ಲಿ ನಡೆದ ಕಾರ್ ರೇಸಿಗೆ ಕರೆದುಕೊಂಡು ಹೋದರು. ಫೆಲಿಚೆ ನಾಜ್ಜಾರೊ ಎಂಬ ಚಾಲಕ ಗೆದ್ದ ಆ ರೇಸು ಹುಡುಗನ ತಲೆಯಿಂದ ಮತ್ತೆ ಇಳಿಯಲೇ ಇಲ್ಲ.

1916ರಲ್ಲಿ ಒಂದೇ ವರ್ಷದೊಳಗೆ ಅಪ್ಪನೂ ಹೋದರು, ಅಣ್ಣ ಆಲ್ಫ್ರೆಡೊನೂ ಹೋದ. ಮೊದಲ ಮಹಾಯುದ್ಧ ನಡೀತಾ ಇತ್ತು. ಸೈನ್ಯಕ್ಕೆ ಸೇರಿದ ಎಂಜೋಗೆ ಸಿಕ್ಕಿದ್ದು ಬೆಟ್ಟದ ಫಿರಂಗಿ ದಳದಲ್ಲಿ ಹೇಸರಗತ್ತೆಗಳಿಗೆ ಲಾಳ ಹೊಡೆಯುವ ಕೆಲಸ. ಅಲ್ಲಿ ಕಾಯಿಲೆ ಬಿದ್ದು, ಸಾಯುವಷ್ಟಾಗಿ, ಬಿಡುಗಡೆಯಾಗಿ ಮನೆಗೆ ಬಂದರು. ಅಪ್ಪನ ವರ್ಕ್‌ಶಾಪ್ ಉಳಿದಿರಲಿಲ್ಲ. ಕೈಯಲ್ಲಿ ಡಿಗ್ರಿ ಇಲ್ಲ, ಕಸುಬಿಲ್ಲ. ಸೈನ್ಯದ ಅಧಿಕಾರಿಯೊಬ್ಬರು ಕೊಟ್ಟ ಶಿಫಾರಸು ಪತ್ರ ಹಿಡಿದು ಟುರಿನ್ ನಗರದ ಫಿಯಟ್ ಕಂಪನಿಗೆ ಹೋದರು. ಕೆಲಸ ಇಲ್ಲ ಅಂತ ವಾಪಸು ಕಳಿಸಿದರು. 1918–19ರ ಚಳಿಗಾಲ ಅದು. ಹೊರಗೆ ಬಂದು ವ್ಯಾಲೆಂಟಿನೊ ಪಾರ್ಕಿನ ಒಂದು ಬೆಂಚಿನ ಮೇಲಿದ್ದ ಹಿಮ ಒರೆಸಿ, ಕೂತು ಅತ್ತರಂತೆ. ಇದನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ನಮ್ಮ ಕಾರಿಡಾರಿನಲ್ಲಿ ಓಡಾಡಿದವರಿಗೆ ಈ ದೃಶ್ಯ ಹೊಸದಲ್ಲ. ಈ ಬೆಂಚನ್ನೂ ಈ ಕಂಪನಿಯನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ, ಎರಡೂ ಮತ್ತೆ ಬರುತ್ತವೆ.

ಓಡಿಸೋದಕ್ಕಿಂತ ಓಡಿಸುವವರನ್ನು ಕೂಡಿಸೋದು

ಸಣ್ಣ ಕಂಪನಿಗಳಲ್ಲಿ ಕಾರು ಪರೀಕ್ಷೆ ಮಾಡುವ ಕೆಲಸ ಹಿಡಿದ ಎಂಜೋ 1919ರಲ್ಲಿ ಮೊದಲ ಸಲ ರೇಸಿಗಿಳಿದರು. 1920ರಲ್ಲಿ ಆಲ್ಫಾ ರೋಮಿಯೊ ಕಂಪನಿ ಸೇರಿ, ಅದೇ ವರ್ಷ ಸಿಸಿಲಿಯ ಟಾರ್ಗಾ ಫ್ಲೋರಿಯೊ ರೇಸಿನಲ್ಲಿ ಎರಡನೆಯವರಾದರು. 1923ರಲ್ಲಿ ರವೆನ್ನಾ ಹತ್ತಿರ ಒಂದು ರೇಸು ಗೆದ್ದಾಗ, ಯುದ್ಧದಲ್ಲಿ ಸತ್ತ ಇಟಲಿಯ ವೀರ ವಿಮಾನಯೋಧ ಫ್ರಾಂಚೆಸ್ಕೊ ಬರಾಕ್ಕಾನ ತಂದೆಯ ಪರಿಚಯವಾಯಿತು. ಮುಂದೆ ಬರಾಕ್ಕಾನ ತಾಯಿ, ಮಗನ ವಿಮಾನದ ಮೇಲಿದ್ದ ಕುದುರೆಯ ಗುರುತನ್ನು ಕಾರಿನ ಮೇಲೆ ಹಾಕಿಕೊಳ್ಳಲು ಹೇಳಿದರು. ಹಿಂದಿನ ಹಳದಿ ಮೊಡೆನಾದ ಬಣ್ಣ. ಇವತ್ತು ಟೀ ಶರ್ಟು, ಕೀಚೈನು, ಆಟೋ ಹಿಂದಿನ ಸ್ಟಿಕರುಗಳಲ್ಲೆಲ್ಲ ಕುಣಿಯುವ ಕುದುರೆ ಮೂಲದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಕೊಟ್ಟದ್ದು.

ಎಂಜೋ ಒಳ್ಳೆಯ ಚಾಲಕರೇ, ಆದರೆ ಆ ಕಾಲದ ಮಹಾ ಚಾಲಕರ ಸಾಲಿನವರಲ್ಲ. ಅದು ಅವರಿಗೂ ಗೊತ್ತಿತ್ತು. ಅವರ ನಿಜವಾದ ಸಾಮರ್ಥ್ಯ ಬೇರೆಯೇ: ಒಳ್ಳೆಯ ಡಿಸೈನರ್, ಒಳ್ಳೆಯ ಮೆಕ್ಯಾನಿಕ್, ಒಳ್ಳೆಯ ಚಾಲಕ ಎಲ್ಲಿದ್ದರೂ ಹುಡುಕಿ ತಂದು, ಒಬ್ಬರ ಮೇಲೊಬ್ಬರಿಗೆ ಛಲ ಹುಟ್ಟಿಸಿ ಕೆಲಸ ತೆಗೆಯೋದು. 1929ರ ನವೆಂಬರಿನಲ್ಲಿ ಮೊಡೆನಾದಲ್ಲಿ ಸ್ಕುಡೆರಿಯಾ ಫೆರಾರಿ ಶುರುವಾಯಿತು. ಸ್ಕುಡೆರಿಯಾ ಅಂದರೆ ಕುದುರೆ ಲಾಯ. ಮೊದಲಿಗೆ ಇದು ಕಾರು ಮಾಡುವ ಕಂಪನಿ ಅಲ್ಲವೇ ಅಲ್ಲ. ರೇಸು ಹುಚ್ಚಿನ ಶ್ರೀಮಂತರ ಕಾರುಗಳನ್ನು ಸಿದ್ಧ ಮಾಡಿ, ರೇಸಿಗೆ ಸಾಗಿಸಿ, ಅಲ್ಲಿ ನೋಡಿಕೊಳ್ಳುವ ಸಂಸ್ಥೆ. ಗಮನಿಸಿ, ಲೆಕ್ಕ ಇಲ್ಲಿಂದಲೇ ಶುರು: ಶ್ರೀಮಂತರ ಶೋಕಿಯ ದುಡ್ಡು, ಎಂಜೋನ ರೇಸು. ಮುಂದೆ ಆಲ್ಫಾ ರೋಮಿಯೊದ ರೇಸುಗಳನ್ನೇ ಈ ಲಾಯ ನಡೆಸತೊಡಗಿತು. 1935ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಹಿಟ್ಲರ್ ಸರ್ಕಾರದ ಬೆಂಬಲವಿದ್ದ ಮರ್ಸಿಡಿಸ್ ಮತ್ತು ಆಟೊ ಯೂನಿಯನ್ ಕಾರುಗಳನ್ನು ತಾಜಿಯೊ ನುವೊಲಾರಿ ಹಳೆಯ ಆಲ್ಫಾದಲ್ಲಿ ಸೋಲಿಸಿದ್ದು ಎಂಜೋ ತಂಡದಿಂದಲೇ.

1939ರಲ್ಲಿ ಆಲ್ಫಾ ಜೊತೆ ಮುರಿದುಬಿತ್ತು. ನಾಲ್ಕು ವರ್ಷ ತನ್ನ ಹೆಸರಿನಲ್ಲಿ ರೇಸಿಗಿಳಿಯಬಾರದು ಅನ್ನೋ ಷರತ್ತಿನ ಮೇಲೆ ಹೊರಬಂದರು. ಯುದ್ಧದ ಕಾಲದಲ್ಲಿ ಮೆಷಿನ್ ಟೂಲ್ಸ್ ಮಾಡಿ ಹೊಟ್ಟೆ ಹೊರೆದರು. ಕಾರ್ಖಾನೆ 1943ರಲ್ಲಿ ಮೊಡೆನಾ ಪಕ್ಕದ ಮರನೆಲ್ಲೊಗೆ ಬಂತು, ಅದರ ಮೇಲೆ ಬಾಂಬೂ ಬಿತ್ತು. ಮತ್ತೆ ಕಟ್ಟಿದರು.

ಹನ್ನೆರಡು ಸಿಲಿಂಡರಿನ ಹಟ

ಆಗ ಎಂಜೋಗೆ ಐವತ್ತು ಹತ್ತಿರ. ಯುದ್ಧದಲ್ಲಿ ನುಚ್ಚುನೂರಾದ ದೇಶ. ಊಟಕ್ಕೇ ಕಷ್ಟ ಇರುವ ಊರಿನಲ್ಲಿ ಈ ಮನುಷ್ಯ ತೀರ್ಮಾನ ಮಾಡಿದ್ದು ವಿ12 ಎಂಜಿನ್ ಮಾಡೋಣ ಅಂತ! ಡಿಸೈನ್ ಮಾಡಿದವರು ಜೊವಾಕಿನೊ ಕೊಲೊಂಬೊ. ಒಟ್ಟು 1,497 ಸಿಸಿ. ಹನ್ನೆರಡರಿಂದ ಭಾಗಿಸಿ ನೋಡಿ, ಒಂದು ಸಿಲಿಂಡರಿಗೆ ಸುಮಾರು 125 ಸಿಸಿ. ಕಾರಿನ ಹೆಸರು 125 ಎಸ್ ಆಗಿದ್ದು ಹಾಗೆ. ನಮ್ಮ ಪಾರ್ಕಿಂಗ್‌ನಲ್ಲಿ ನಿಂತಿರುವ 125 ಸಿಸಿ ಬೈಕುಗಳ ಎಂಜಿನ್ನು ಹನ್ನೆರಡನ್ನು ಒಂದೇ ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸಿದ ಹಾಗೆ.

ಅಷ್ಟೇ ಸಿಸಿಗೆ ನಾಲ್ಕು ಸಿಲಿಂಡರ್ ಸಾಕಿತ್ತಲ್ಲ, ಹನ್ನೆರಡು ಯಾಕೆ? ಮೆಕ್ಯಾನಿಕಲ್‌ನವರಿಗೆ ಗೊತ್ತು, ಉಳಿದವರಿಗೆ ಒಂದೇ ಮಾತಿನಲ್ಲಿ: ಪಿಸ್ಟನ್ ಚಿಕ್ಕದಾಗಿ ಹಗುರಾಗಿ, ಅದು ಓಡುವ ದೂರ ಕಮ್ಮಿಯಾದಷ್ಟೂ ಎಂಜಿನ್ ಜಾಸ್ತಿ ಆರ್‌ಪಿಎಂ ತಡೆಯುತ್ತೆ. ಆರ್‌ಪಿಎಂ ಜಾಸ್ತಿಯಾದರೆ ಅಷ್ಟೇ ಸಿಸಿಯಿಂದ ಹೆಚ್ಚು ಪವರ್. ಆದರೆ ಇದಕ್ಕೆ ತೆರಬೇಕಾದ್ದೂ ಉಂಟು. ಪಿಸ್ಟನ್ ಹನ್ನೆರಡು, ಕನೆಕ್ಟಿಂಗ್ ರಾಡ್ ಹನ್ನೆರಡು, ವಾಲ್ವ್ ಇಪ್ಪತ್ನಾಲ್ಕು. ಎಲ್ಲವನ್ನೂ ಅಷ್ಟೇ ಕರಾರುವಾಕ್ಕಾಗಿ ಮಾಡಬೇಕು. ಖರ್ಚು ಇಲ್ಲಿ ನಿಜವಾಗಲೂ ಇದೆ, ಶೋಕಿ ಅಲ್ಲ.

1947ರ ಮಾರ್ಚ್ 12ರಂದು ಇನ್ನೂ ಬಾಡಿ ಕೂಡಿಸದ ಆ ಕಾರನ್ನು ಎಂಜೋ ತಾವೇ ಮರನೆಲ್ಲೊ ರಸ್ತೆಗೆ ಇಳಿಸಿ ಓಡಿಸಿದರು. ಮೇ 11ರಂದು ಪಿಯಾಚೆಂಜಾದ ಮೊದಲ ರೇಸಿನಲ್ಲಿ ಮುಂದಿದ್ದ ಕಾರು ಫ್ಯುಯೆಲ್ ಪಂಪ್ ಕೈಕೊಟ್ಟು ನಿಂತಿತು. ಎರಡೇ ವಾರಕ್ಕೆ ರೋಮ್‌ನಲ್ಲಿ ಗೆದ್ದಿತು. ಅದೇ ವರ್ಷ ಶರತ್ಕಾಲದಲ್ಲಿ ಟುರಿನ್‌ನ ವ್ಯಾಲೆಂಟಿನೊ ಪಾರ್ಕಿನಲ್ಲಿ ರೇಮಂಡ್ ಸೊಮ್ಮೆರ್ ಫೆರಾರಿ ಓಡಿಸಿ ಗೆದ್ದರು. ಗೆಲುವಿನ ಗದ್ದಲ ಬಿಟ್ಟು ಎಂಜೋ ಅದೇ ಹಳೆಯ ಬೆಂಚು ಹುಡುಕಿಕೊಂಡು ಹೋಗಿ ಕೂತರಂತೆ. ಸುಮಾರು ಮೂವತ್ತು ವರ್ಷ ಆಗಿತ್ತು. ಈ ಸಲವೂ ಅತ್ತರು.

ಮಾರಿದ್ದು ಏನು, ಮಾರದೇ ಉಳಿಸಿದ್ದು ಏನು

ಈಗ ಬೆಲೆ ವಿಷಯಕ್ಕೆ ಬರೋಣ. ಫೋರ್ಡ್, ಫಿಯಟ್‌ಗಳಂಥ ಕಂಪನಿಗಳು ಕಾರು ಮಾರೋಕೆ ಬೇಕು ಅಂತ ರೇಸು ಮಾಡುತ್ತಿದ್ದವು. ಎಂಜೋ ಉಲ್ಟಾ. ರೇಸು ಮಾಡೋಕೆ ದುಡ್ಡು ಬೇಕು ಅಂತ ಕಾರು ಮಾರುತ್ತಿದ್ದರು. ರಸ್ತೆ ಕಾರು ಅವರಿಗೆ ಹೆಚ್ಚು ಕಡಿಮೆ ಚಂದಾ ರಶೀದಿ ಇದ್ದ ಹಾಗೆ. 1949ರಲ್ಲಿ ಫ್ರಾನ್ಸಿನ ಲೆ ಮಾನ್ 24 ತಾಸಿನ ರೇಸಿನಲ್ಲಿ ಲುಯಿಜಿ ಕಿನೆಟ್ಟಿ ಹೆಚ್ಚೂಕಡಿಮೆ ಇಡೀ ರೇಸನ್ನು ಒಬ್ಬರೇ ಓಡಿಸಿ ಫೆರಾರಿಗೆ ಮೊದಲ ಗೆಲುವು ತಂದರು. ಆಮೇಲೆ ಅದೇ ಕಿನೆಟ್ಟಿ ಅಮೆರಿಕದಲ್ಲಿ ಶ್ರೀಮಂತರಿಗೆ ಫೆರಾರಿ ಮಾರತೊಡಗಿದರು. ರೇಸು ಗೆದ್ದರೆ ಕಾರು ಹೋಗುತ್ತೆ, ಕಾರು ಹೋದರೆ ಮುಂದಿನ ರೇಸಿಗೆ ದುಡ್ಡು ಬರುತ್ತೆ. ಮಾರುಕಟ್ಟೆ ಕೇಳೋದಕ್ಕಿಂತ ಒಂದು ಕಾರು ಕಡಿಮೆಯೇ ಮಾಡಬೇಕು ಅನ್ನೋ ಸೂತ್ರ ಅವರ ಹೆಸರಿಗೇ ಅಂಟಿಕೊಂಡಿದೆ.

ಎಂಜಿನಿಯರಿಂಗ್ ಎಕನಾಮಿಕ್ಸ್ ಪೇಪರಿನ ಮೊದಲ ಸೂತ್ರ ನೆನಪಿಸಿಕೊಳ್ಳಿ. ಒಂದು ಕಾರಿನ ಖರ್ಚು ಅಂದರೆ ಆ ಕಾರಿಗೆ ಹೋದ ಸಾಮಾನು ಮತ್ತು ಕೂಲಿ. ಅದರ ಜೊತೆಗೆ ಡಿಸೈನು, ಅಚ್ಚು, ಪರೀಕ್ಷೆಗಳ ಒಟ್ಟು ಖರ್ಚನ್ನು ಕಾರುಗಳ ಸಂಖ್ಯೆಯಿಂದ ಭಾಗಿಸಿದ್ದು. ಲಕ್ಷಗಟ್ಟಲೆ ಕಾರು ಮಾಡುವವನಿಗೆ ಆ ಎರಡನೇ ಭಾಗ ಚಿಲ್ಲರೆ. ಮೂವತ್ತು ನಲವತ್ತು ಕಾರು ಮಾಡುವವನಿಗೆ ಅದೇ ಬೆಟ್ಟ. ನಂಬಿಕೆ ಬರದಿದ್ದರೆ ಯಾವುದಾದರೂ ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ ತಂಡದವರನ್ನು ಕೇಳಿ. ಒಂದೇ ಒಂದು ಸೀಟಿನ ಕಾರು, ಒಂದೇ ಒಂದು ಪ್ರತಿ, ಬೆಲೆ ಮಾತ್ರ ಶೋರೂಮಿನ ಕಾರಿನ ಹತ್ತಿರ ಹತ್ತಿರ!

250 ಜಿಟಿಒ ಇದಕ್ಕೆ ದೊಡ್ಡ ಉದಾಹರಣೆ. 1962ರಿಂದ 64ರೊಳಗೆ ಮಾಡಿದ್ದು ಬರೀ 36. ನಿಯಮದ ಪ್ರಕಾರ ನೂರು ಮಾಡಬೇಕಿತ್ತು. ಇದು ಹಳೆಯ 250ರದೇ ಇನ್ನೊಂದು ರೂಪ ಅಂತ ತೋರಿಸಿ ಎಂಜೋ ಅನುಮತಿ ಗಿಟ್ಟಿಸಿದರು. ಆಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 18 ಸಾವಿರ ಡಾಲರ್. ಕೆಲವೇ ವರ್ಷದಲ್ಲಿ ರೇಸಿಗೆ ಹಳತಾಯಿತು, ಬೆಲೆ ಬಿತ್ತು. ಒಂದು ಕಾರಂತೂ ಟೆಕ್ಸಾಸಿನ ಒಂದು ಹೈಸ್ಕೂಲಿಗೆ ದಾನವಾಗಿ ಬಂದು ಮಕ್ಕಳು ಮೆಕ್ಯಾನಿಕ್ ಕೆಲಸ ಕಲಿಯುವ ಗಾಡಿ ಆಗಿತ್ತು. ಆಮೇಲೆ ಎಷ್ಟೋ ವರ್ಷ ಬಯಲಿನಲ್ಲಿ ಬಿಸಿಲು ಮಳೆಗೆ ನಿಂತಿತ್ತು. ಅದೇ ಮಾದರಿಯ ಒಂದು ಕಾರು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಕಬ್ಬಿಣ, ಅಲ್ಯೂಮಿನಿಯಂ, ಸಿಲಿಂಡರು, ಎಲ್ಲ ಅದೇ. ಹಾಗಾದರೆ ಬದಲಾಗಿದ್ದು ಏನು? ಕೊಳ್ಳುವವರ ಆಸೆ ಮಾತ್ರ. ಬೆಲೆ ಅನ್ನೋದು ಪೂರ್ತಿ ಯಂತ್ರದೊಳಗೇ ಇರುತ್ತೆ ಅನ್ನೋರು ಈ ಒಂದು ಕಥೆಗೆ ಉತ್ತರ ಕೊಡಬೇಕು.

ಎಂಜೋ ತಾವು ಯಾವುದಕ್ಕೆ ಬೆಲೆ ಕೊಡುತ್ತಿದ್ದರು ಅಂತ ಗೊತ್ತಾಗಿದ್ದು 1963ರಲ್ಲಿ. ಫೋರ್ಡ್ ಕಂಪನಿ ಫೆರಾರಿಯನ್ನು ಕೊಳ್ಳೋಕೆ ಬಂತು. ಮಾತುಕತೆ ಮುಗೀತಾ ಬಂದಿತ್ತು, ಕಾಗದ ಸಿದ್ಧ. ರೇಸಿಗೆ ಎಷ್ಟು ಖರ್ಚು ಮಾಡಬೇಕು ಅನ್ನೋದಕ್ಕೆ ಅಮೆರಿಕದವರ ಒಪ್ಪಿಗೆ ಬೇಕು ಅನ್ನೋ ಅಂಶ ಕಂಡಿದ್ದೇ ತಡ, ಎಂಜೋ ಎದ್ದು ಹೋದರು. ಸಿಟ್ಟಾದ ಫೋರ್ಡ್ 1966ರಲ್ಲಿ ಲೆ ಮಾನ್‌ನಲ್ಲಿ ಮೊದಲ ಮೂರೂ ಸ್ಥಾನ ಕಿತ್ತುಕೊಂಡಿತು. 1960ರಿಂದ 65ರವರೆಗೆ ಸತತ ಆರು ವರ್ಷ ಅಲ್ಲಿ ಗೆದ್ದಿದ್ದು ಫೆರಾರಿ. ಆ ಪಟ್ಟ ಅಲ್ಲಿಗೆ ಮುಗಿಯಿತು. ಖರ್ಚು ಮಿತಿಮೀರಿ, 1969ರಲ್ಲಿ ಎಂಜೋ ಕಂಪನಿಯ ಅರ್ಧ ಪಾಲನ್ನು ಮಾರಿದರು. ಕೊಂಡವರು ಯಾರು ಗೊತ್ತಾ? ಫಿಯಟ್. ಐವತ್ತು ವರ್ಷದ ಹಿಂದೆ ಬಾಗಿಲಿನಿಂದ ವಾಪಸು ಕಳಿಸಿದ ಅದೇ ಫಿಯಟ್. ಆಗಲೂ ರೇಸು ವಿಭಾಗ ಮಾತ್ರ ತನ್ನ ಕೈಯಲ್ಲೇ ಇರಬೇಕು ಅಂತ ಬರೆಸಿಕೊಂಡರು. ರಸ್ತೆ ಕಾರು, ಕಾರ್ಖಾನೆ, ಎಲ್ಲದಕ್ಕೂ ಅವರ ಹತ್ತಿರ ಒಂದು ಬೆಲೆ ಇತ್ತು. ರೇಸಿಗೆ ಇರಲಿಲ್ಲ.

ಬಿಲ್ಲಿನಲ್ಲಿ ಬರೆಯದ ಖರ್ಚು

ಇಲ್ಲಿಗೆ ನಿಲ್ಲಿಸಿದರೆ ಇದು ಹಟವಾದಿಯೊಬ್ಬನ ಗೆಲುವಿನ ಕಥೆ. ಆದರೆ ಓದ್ತಾ ಓದ್ತಾ ನಮ್ಮ ರೂಮಿನಲ್ಲಿ ಮಾತು ನಿಂತಿದ್ದು ಮುಂದಿನ ಭಾಗಕ್ಕೆ.

ಎಂಜೋ ತಮ್ಮ ಮಗನಿಗೆ ಸತ್ತ ಅಣ್ಣನ ಹೆಸರೇ ಇಟ್ಟಿದ್ದರು: ಆಲ್ಫ್ರೆಡೊ, ಪ್ರೀತಿಯಿಂದ ದಿನೋ. ಹುಡುಗನಿಗೆ ಮಸ್ಕ್ಯುಲರ್ ಡಿಸ್ಟ್ರೊಫಿ, ಮಾಂಸಖಂಡಗಳು ನಿಧಾನಕ್ಕೆ ಸೋಲುವ ಕಾಯಿಲೆ. ಹಾಸಿಗೆ ಹಿಡಿದಾಗಲೂ ವಿತ್ತೋರಿಯೊ ಯಾನೊ ಎಂಬ ಹಿರಿಯ ಡಿಸೈನರ್ ಜೊತೆ ವಿ6 ಎಂಜಿನ್ ಬಗ್ಗೆ ಚರ್ಚೆ ಮಾಡುತ್ತಿದ್ದ. 1956ರ ಜೂನ್ 30ರಂದು ತೀರಿಕೊಂಡ. ವಯಸ್ಸು 24, ಅಂದರೆ ನಮಗಿಂತ ಎರಡು ಮೂರು ವರ್ಷ ದೊಡ್ಡವನು ಅಷ್ಟೇ. ಆ ಎಂಜಿನ್ ಅವನ ಹೆಸರಿನಲ್ಲೇ ಬಂತು. ಅಪ್ಪ ಬೆಳಗ್ಗೆ ಎದ್ದು ಮೊದಲು ಮಗನ ಸಮಾಧಿಗೆ ಹೋಗಿ, ಆಮೇಲೆ ಕಾರ್ಖಾನೆಗೆ ಹೋಗೋದನ್ನು ರೂಢಿ ಮಾಡಿಕೊಂಡರು.

ಮಗನ ಸಾವು ಅವರನ್ನು ರೇಸಿನಿಂದ ದೂರ ಮಾಡಲಿಲ್ಲ. 1957ರ ಮಾರ್ಚ್‌ನಲ್ಲಿ ಯುಜೆನಿಯೊ ಕಾಸ್ಟೆಲ್ಲೊಟ್ಟಿ ಮೊಡೆನಾದಲ್ಲೇ ಪರೀಕ್ಷಾ ಓಟದಲ್ಲಿ ಸತ್ತರು. ಮೇ 12ರಂದು ಮಿಲ್ಲೆ ಮಿಲ್ಯಾ. ಇಟಲಿಯ ಸಾಮಾನ್ಯ ರಸ್ತೆಗಳಲ್ಲೇ ಸಾವಿರ ಮೈಲಿ ಓಡುವ ರೇಸು, ಇಕ್ಕೆಲದಲ್ಲೂ ಜನ. ಗುಯಿದಿಜ್ಜೊಲೊ ಹಳ್ಳಿಯ ಹತ್ತಿರ ಫೆರಾರಿಯೊಂದರ ಟೈರ್ ಒಡೆದು ಕಾರು ಜನರ ಮೇಲೆ ಹಾರಿತು. ಚಾಲಕ ಅಲ್ಫೊನ್ಸೊ ದೆ ಪೊರ್ತಾಗೊ, ಅವರ ಜೊತೆಗಾರ, ದಾರಿ ಬದಿ ನೋಡಲು ನಿಂತಿದ್ದ ಒಂಬತ್ತು ಜನ, ಅದರಲ್ಲಿ ಐವರು ಮಕ್ಕಳು, ಎಲ್ಲ ಹೋದರು. ಆ ಮಕ್ಕಳು ಯಾವ ಕಾರನ್ನೂ ಕೊಂಡವರಲ್ಲ. ಎಂಜೋ ಮೇಲೆ ನರಹತ್ಯೆಯ ಮೊಕದ್ದಮೆ ಬಿತ್ತು. ನಾಲ್ಕು ವರ್ಷ ನಡೆದು 1961ರಲ್ಲಿ ನಿರ್ದೋಷಿ ಅಂತ ತೀರ್ಪಾಯಿತು. ಮಿಲ್ಲೆ ಮಿಲ್ಯಾ ಸ್ಪರ್ಧೆಯಾಗಿ ಅಲ್ಲಿಗೇ ನಿಂತಿತು.

1958ರಲ್ಲಿ ಲುಯಿಜಿ ಮುಸ್ಸೊ, ತಿಂಗಳೊಳಗೆ ಪೀಟರ್ ಕಾಲಿನ್ಸ್. ವ್ಯಾಟಿಕನ್ ಪತ್ರಿಕೆ ಎಂಜೋನನ್ನು ತನ್ನ ಮಕ್ಕಳನ್ನೇ ನುಂಗುವ ರೋಮನ್ ದೇವತೆ ಸ್ಯಾಟರ್ನ್‌ಗೆ ಹೋಲಿಸಿತು. 1961ರಲ್ಲಿ ಮೊಂಜಾದಲ್ಲಿ ವೋಲ್ಫ್‌ಗ್ಯಾಂಗ್ ವಾನ್ ಟ್ರಿಪ್ಸ್ ಜೊತೆ 15 ಪ್ರೇಕ್ಷಕರು. ಆವತ್ತೇ ತಂಡದ ಇನ್ನೊಬ್ಬ ಚಾಲಕ ಫಿಲ್ ಹಿಲ್ ವಿಶ್ವ ಚಾಂಪಿಯನ್ ಆದರು. ಒಂದೇ ಮಧ್ಯಾಹ್ನದಲ್ಲಿ ಎರಡೂ.

ಎಂಜೋ ಕ್ರೂರಿಯೇ? ಆ ಕಾಲದಲ್ಲಿ ಎಲ್ಲ ತಂಡಗಳಲ್ಲೂ ಚಾಲಕರು ಸಾಯುತ್ತಿದ್ದರು. ಸೀಟ್ ಬೆಲ್ಟ್ ಇಲ್ಲ, ತಡೆಗೋಡೆ ಸರಿಯಿಲ್ಲ. ಇದು ನಿಜ. ಚಾಲಕರ ನಡುವೆ ಪೈಪೋಟಿ ಹಚ್ಚಿ ಇನ್ನೂ ಜೋರು ಓಡಿಸುವ ಹಾಗೆ ಮಾಡುತ್ತಿದ್ದುದು ಅವರ ಪದ್ಧತಿ ಅನ್ನೋದೂ ನಿಜ. ತಾವು ಮಾತ್ರ ವಯಸ್ಸಾದಂತೆ ರೇಸಿಗೆ ಹೋಗೋದನ್ನೇ ಬಿಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ಮರನೆಲ್ಲೊದಲ್ಲೇ ಕೂತು ಫೋನಿನಲ್ಲಿ, ಮುಂದೆ ಟಿವಿಯಲ್ಲಿ ಫಲಿತಾಂಶ ತಿಳಿಯುತ್ತಿದ್ದರು. ನಮ್ಮಲ್ಲೇ ಈ ವಿಷಯಕ್ಕೆ ಒಮ್ಮತ ಬರಲಿಲ್ಲ, ಬಲವಂತವಾಗಿ ತರೋದೂ ಬೇಡ.

ಕೊನೆಯ ಕಾರು

ಡಿಗ್ರಿ ಇಲ್ಲದ ಈ ಮನುಷ್ಯನಿಗೆ 1960ರಲ್ಲಿ ಬೊಲೋನಾ ವಿಶ್ವವಿದ್ಯಾಲಯ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಗೌರವ ಪದವಿ ಕೊಟ್ಟಿತು. ಎಪ್ಪತ್ತರ ದಶಕದಲ್ಲಿ ನಿಕಿ ಲೌಡಾ, ಜೋಡಿ ಷೆಕ್ಟರ್ ಫೆರಾರಿಗೆ ಮತ್ತೆ ಚಾಂಪಿಯನ್ ಪಟ್ಟ ತಂದರು.

1987ರ ಜುಲೈ 21ರಂದು ಮರನೆಲ್ಲೊದಲ್ಲಿ ಎಫ್40 ಬಿಡುಗಡೆಯಾಯಿತು. ಎಂಜೋ ಬದುಕಿದ್ದಾಗ ಬಂದ ಕೊನೆಯ ಹೊಸ ಕಾರು ಅದು. 2.9 ಲೀಟರಿನ ವಿ8, ಎರಡು ಟರ್ಬೊ, 478 ಅಶ್ವಶಕ್ತಿ, ತೂಕ ಇಂಧನ ಬಿಟ್ಟು ಸುಮಾರು 1,100 ಕಿಲೊ, ವೇಗ ಗಂಟೆಗೆ 324 ಕಿ.ಮೀ. ಅಮೆರಿಕದಲ್ಲಿ ಬೆಲೆ ಸುಮಾರು 4 ಲಕ್ಷ ಡಾಲರ್. ಒಳಗೆ ಕೂತರೆ ನೆಲಕ್ಕೆ ಕಾರ್ಪೆಟ್ ಇಲ್ಲ, ರೇಡಿಯೊ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ, ಬಾಗಿಲು ತೆಗೆಯೋಕೆ ಒಳಗೊಂದು ದಾರ ಎಳೆಯಬೇಕು. ಅಷ್ಟು ದುಡ್ಡು ಕೊಟ್ಟವನಿಗೆ ಸಿಕ್ಕಿದ್ದಕ್ಕಿಂತ ಸಿಗದೇ ಇದ್ದದ್ದೇ ಜಾಸ್ತಿ! ಆದರೂ 400 ಮಾಡೋಣ ಅಂತ ಶುರುಮಾಡಿದ್ದು ಕೊನೆಗೆ 1,311 ಮಾಡಬೇಕಾಯಿತು.

1988ರ ಆಗಸ್ಟ್ 14ರಂದು ಎಂಜೋ ತೀರಿಕೊಂಡರು. ವಯಸ್ಸು 90. ಅವರ ಇಚ್ಛೆಯಂತೆ ಮಣ್ಣು ಮಾಡಿದ ಮೇಲೆಯೇ ಸುದ್ದಿ ಹೊರಗೆ ಬಂತು. ಆ ವರ್ಷ ಫಾರ್ಮುಲಾ ಒನ್‌ನ 16 ರೇಸುಗಳಲ್ಲಿ 15 ಮೆಕ್ಲಾರೆನ್ ಪಾಲು. ಉಳಿದ ಒಂದು, ಸೆಪ್ಟೆಂಬರ್ 11ರಂದು ಇಟಲಿಯ ಮೊಂಜಾದಲ್ಲಿ, ಫೆರಾರಿಗೆ ಮೊದಲ ಎರಡೂ ಸ್ಥಾನ.

ಹಾಗಾದರೆ ನಮ್ಮ ತೀರ್ಪು? ಊರಿಂದೂರಿಗೆ ಹೋಗೋ ಗಾಡಿ ಅಂತ ನೋಡಿದರೆ ಫೆರಾರಿ ಆ ಬೆಲೆಗೆ ಖಂಡಿತ ಬಾಳಲ್ಲ. ಯಂತ್ರ ಅಂತ ನೋಡಿದರೆ ಬೆಲೆಯ ಒಂದು ಪಾಲು ನ್ಯಾಯವಾದದ್ದು: ಹನ್ನೆರಡು ಸಿಲಿಂಡರಿನ ಶ್ರಮ, ಕಡಿಮೆ ಸಂಖ್ಯೆ, ರೇಸಿನಲ್ಲಿ ಸುಟ್ಟು ಕಲಿತ ಪಾಠ. ಇನ್ನೊಂದು ಪಾಲು ಎಂಜೋ ಬೇಕಂತಲೇ ಉಳಿಸಿದ ಕೊರತೆಯದು, ಹೆಸರಿನದು. ಕೊಳ್ಳುವವರು ತಿಳಿದೋ ತಿಳಿಯದೆಯೋ ಯಾರದೋ ಮುಂದಿನ ರೇಸಿಗೆ ಚಂದಾ ಕೊಡುತ್ತಿದ್ದರು; ಕೊಡೋಕೆ ಇಷ್ಟ ಇದ್ದವರಿಗೆ ಅದು ದುಬಾರಿ ಅಲ್ಲ. ಮೂರನೇ ಪಾಲೊಂದಿದೆ. ಅದನ್ನು ಕಟ್ಟಿದವರು ಕಾಸ್ಟೆಲ್ಲೊಟ್ಟಿ, ಮುಸ್ಸೊ, ಗುಯಿದಿಜ್ಜೊಲೊದ ಐವರು ಮಕ್ಕಳು. ಅದಕ್ಕೆ ಸಮನಾದ ಕಾರನ್ನು ಯಾರೂ ಮಾಡಿಲ್ಲ.

ನಾಳೆ ನಾವೂ ಏನಾದರೂ ಮಾಡಿ ಮಾರುವವರೇ. ಕಾರೋ, ಆ್ಯಪೋ, ಸೇತುವೆಯೋ. ಅದರ ಖರ್ಚಿನ ಪಟ್ಟಿ ಬರೆಯುವಾಗ, ದುಡ್ಡು ಕೊಡದೇ ಬೆಲೆ ತೆರುವವರು ಯಾರಾದರೂ ಇದ್ದಾರಾ ಅಂತ ಒಂದು ಸಾಲು ಬಿಟ್ಟುಕೊಂಡಿರೋಣ. ಹಾಸ್ಟೆಲ್ ವಾದ ಮಾತ್ರ ಮುಂದುವರೀಲಿ. ಈ ಸಲ 250 ಜಿಟಿಒ ಕಥೆ ಹೇಳಿ ಎರಡೂ ಪಾರ್ಟಿಯವರ ಬಾಯಿ ಮುಚ್ಚಿಸಬಹುದು, ಒಂದು ಹತ್ತು ನಿಮಿಷವಾದರೂ.